ಜಾಮಾದ ಆಕ್ಸಿಜನ್ ಸೆನ್ಸರ್ ಬಿಚ್ಚಿ ಹೊಸದು ಕೂರಿಸಿದ ಕೆಲಸದ ದಾಖಲೆ

ಕಾರು: 2017ರ ಬಿಎಸ್-4 ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಓಡಿದ್ದು 90 ಸಾವಿರ ಕಿಲೋಮೀಟರ್ ಮೇಲೆ. ಊರು ವಿಜಯಪುರ. ದೂರು ಎರಡು. ಚೆಕ್ ಇಂಜಿನ್ ದೀಪ ಹತ್ತಿದ್ದು ಆರುತ್ತಿಲ್ಲ. ಊರೊಳಗೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸೊಲ್ಲಾಪುರಕ್ಕೆ ಹೋಗಿ ಬಂದರೆ ಮಾತ್ರ ಮೈಲೇಜ್ ಮೊದಲಿನಷ್ಟೇ ಬರುತ್ತದೆ.

ಈ ಎರಡನೇ ದೂರಿನಲ್ಲೇ ಅರ್ಧ ಉತ್ತರ ಸಿಕ್ಕಿತು. ಆಕ್ಸಿಜನ್ ಸೆನ್ಸರಿನ ತುದಿಯಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿ. ಅದರ ಒಂದು ಮಗ್ಗುಲಿಗೆ ಇಂಜಿನ್ನಿನ ಹೊಗೆ, ಇನ್ನೊಂದು ಮಗ್ಗುಲಿಗೆ ಹೊರಗಿನ ಗಾಳಿ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸ ವೋಲ್ಟೇಜ್ ಆಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದರೆ 0.8–0.9 ವೋಲ್ಟ್, ಗಾಳಿ ಹೆಚ್ಚಾದರೆ 0.1–0.2, ನಡುವಿನ ಗಡಿ 0.45. ಪಿಂಗಾಣಿ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುವ ತನಕ ಇದೇನೂ ನಡೆಯುವುದಿಲ್ಲ. ಬೇಗ ಕಾಯಲೆಂದೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ. ಹೀಟರ್ ಸತ್ತರೆ ಹೊಗೆಯ ಶಾಖವೇ ಗತಿ. ಹೈವೇಯಲ್ಲಿ ಆ ಶಾಖ ಸಾಕಾಗುತ್ತದೆ. ಗಾಂಧಿ ಚೌಕದಿಂದ ಗೋಳಗುಮ್ಮಟದವರೆಗೆ ನಿಂತು ನಿಂತು ಹೋಗುವ ಓಡಾಟದಲ್ಲಿ ಸಾಲುವುದಿಲ್ಲ. ಸೆನ್ಸರ್ ಮಾತಾಡದಿದ್ದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಸೆನ್ಸರಿನ ಮಾತು ಕೇಳದ ಓಪನ್ ಲೂಪ್‌ನಲ್ಲೇ ಉಳಿದು, ತನ್ನ ಲೆಕ್ಕದ ಪ್ರಕಾರ ಸ್ವಲ್ಪ ಹೆಚ್ಚೇ ಪೆಟ್ರೋಲ್ ಸುರಿಯುತ್ತದೆ.

ಪಾನಾ ಮುಟ್ಟುವ ಮೊದಲು

ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ಇಂಜಿನ್ ದೋಷ ಓದುವ) ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದಾಗ ಬಂದ ಕೋಡ್ ಪಿ0135. ಅರ್ಥ: ಬ್ಯಾಂಕ್ 1 (ಸಿಲಿಂಡರುಗಳ ಮೊದಲ ಸಾಲು), ಸೆನ್ಸರ್ 1ರ ಹೀಟರ್ ಸರ್ಕ್ಯೂಟ್ ಸರಿ ಇಲ್ಲ. ಸೆನ್ಸರ್ 1 ಎಂದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲು, ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಒಟ್ಟುಗೂಡುವ ಪೈಪು) ಕಡೆ ಕೂತಿರುವುದು. ಕನ್ವರ್ಟರ್ ಆದಮೇಲೆ ಇರುವುದು ಸೆನ್ಸರ್ 2, ಅದರ ಹೀಟರ್ ಕೋಡ್ ಪಿ0141. ಈ ಎರಡನ್ನು ಅದಲು ಬದಲು ಮಾಡಿಕೊಂಡು ಸರಿ ಇದ್ದ ಸೆನ್ಸರ್ ಬಿಚ್ಚಿ ಎಸೆಯುವವರು ಕಡಿಮೆಯೇನಿಲ್ಲ.

ಕೋಡ್ ಹೇಳುವುದು ಸರ್ಕ್ಯೂಟಿನ ವಿಚಾರ, ಬಿಡಿಭಾಗದ್ದಲ್ಲ. ಫ್ಯೂಸ್, ರಿಲೇ, ವೈರ್, ಕನೆಕ್ಟರ್, ಹೀಟರ್, ಇಸಿಯು, ಇವುಗಳಲ್ಲಿ ಯಾವುದು ಕೆಟ್ಟರೂ ಬರುವುದು ಅದೇ ಪಿ0135. ಸೆನ್ಸರಿಗೆ ಸಾವಿರಗಟ್ಟಲೆ ರೂಪಾಯಿ ಕೊಡುವ ಮೊದಲು ಮಲ್ಟಿಮೀಟರ್ ಹಿಡಿದು ಇಪ್ಪತ್ತು ನಿಮಿಷ ಕೂರಲೇಬೇಕು. ಇಡೀ ಕೆಲಸದಲ್ಲಿ ಹಣ ಉಳಿಯುವ ಜಾಗ ಇದೊಂದೇ.

ಹೀಟರ್ ಪರೀಕ್ಷೆ ಇಂಜಿನ್ ತಣ್ಣಗಿದ್ದಾಗಲೇ ಆಗಬೇಕು, ಕಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ. ಕನೆಕ್ಟರ್ ಬಿಚ್ಚಿ ಸೆನ್ಸರ್ ಕಡೆಯ ನಾಲ್ಕು ವೈರ್ ನೋಡಿ. ಒಂದೇ ಬಣ್ಣದ ಎರಡು ವೈರ್ ಹೀಟರಿನವು. ಬಾಷ್ ಮತ್ತು ಎನ್‌ಟಿಕೆ ಸೆನ್ಸರಿನಲ್ಲಿ ಎರಡು ಬಿಳಿ ವೈರ್ ಹೀಟರ್, ಕಪ್ಪು ಸಿಗ್ನಲ್, ಬೂದು ಸಿಗ್ನಲ್ ಗ್ರೌಂಡ್. ಡೆನ್ಸೊದಲ್ಲಿ ಸಾಮಾನ್ಯವಾಗಿ ಎರಡು ಕಪ್ಪು ಹೀಟರ್, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಹೀಟರ್ ವೈರ್‌ಗಳ ನಡುವೆ 3ರಿಂದ 15 ಓಮ್ ಒಳಗೆ ಬಂದರೆ ಹೀಟರ್ ಜೀವಂತ ಇದೆ. ಸರಿಯಾದ ಅಂಕಿ ಮಾಡೆಲಿನಿಂದ ಮಾಡೆಲಿಗೆ ಬೇರೆ. ಈ ಕಾರಿನಲ್ಲಿ ಮೀಟರ್ ಏನನ್ನೂ ತೋರಿಸಲಿಲ್ಲ, ಅಂದರೆ ಒಳಗಿನ ತಂತಿ ತುಂಡಾಗಿದೆ. ಸಿಗ್ನಲ್ ವೈರಿಗೆ ಮಾತ್ರ ಓಮ್ ಮೀಟರ್ ಹಚ್ಚಬಾರದು. ಮೀಟರ್ ತನ್ನ ಕರೆಂಟನ್ನು ಪಿಂಗಾಣಿಯೊಳಕ್ಕೆ ನೂಕುತ್ತದೆ, ಬದುಕಿದ್ದ ಸೆನ್ಸರೂ ಕೆಡಬಹುದು.

ಇಲ್ಲಿಗೇ ನಿಲ್ಲಿಸಬಾರದು. ಕಾರಿನ ಕಡೆಯ ಕನೆಕ್ಟರಿಗೆ ವಿದ್ಯುತ್ ಬರುತ್ತಿದೆಯೇ ಎಂದು ನೋಡುವುದಿದೆ. ಬರೀ ಮೀಟರ್ ಇಟ್ಟರೆ ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರ್ ಕೂಡ 12 ವೋಲ್ಟ್ ತೋರಿಸಿಬಿಡುತ್ತದೆ. ಅದಕ್ಕೆ ನಂಬರ್ ಪ್ಲೇಟಿನ 5 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ, ಹೀಟರಿನ ಎರಡು ಪಿನ್ನುಗಳ ನಡುವೆ ಇಟ್ಟು ಇಂಜಿನ್ ಚಾಲೂ ಮಾಡಿದರೆ ನಿಜ ಗೊತ್ತಾಗುತ್ತದೆ. ಒಂದು ಪಿನ್ನಿಗೆ ಫ್ಯೂಸ್ ಮೂಲಕ ಬ್ಯಾಟರಿಯ ವೋಲ್ಟೇಜ್ ಬರುತ್ತದೆ, ಇನ್ನೊಂದನ್ನು ಇಸಿಯು ಬಿಟ್ಟು ಬಿಟ್ಟು ಗ್ರೌಂಡ್ ಮಾಡುತ್ತದೆ. ಬಲ್ಬ್ ಹತ್ತಿದರೆ, ಮಿಣುಕಿದರೂ ಸರಿ, ಕಾರಿನ ಕಡೆ ತಪ್ಪಿಲ್ಲ. ಇಲ್ಲಿ ಹತ್ತಿತು. ಹತ್ತದಿದ್ದರೆ ಮೊದಲು ಫ್ಯೂಸ್. ಫ್ಯೂಸ್ ಹಾರಿದ್ದರೆ ಸುಮ್ಮನೆ ಇನ್ನೊಂದು ಹಾಕಬೇಡಿ. ಸೆನ್ಸರಿನ ವೈರ್ ಮ್ಯಾನಿಫೋಲ್ಡಿಗೆ ತಾಗಿ ಸಿಪ್ಪೆ ಕರಗಿರುವ ಜಾಗ ಎಲ್ಲೋ ಇರುತ್ತದೆ, ಅದನ್ನು ಹುಡುಕಿ.

ಇನ್ನೊಂದು ಸುಲಭದ ನೋಟ: ಕನೆಕ್ಟರ್ ಬಿಚ್ಚಿದ್ದಾಗ ಕೀ ಆನ್ ಮಾಡಿ ಕಾರಿನ ಕಡೆಯ ಸಿಗ್ನಲ್ ಪಿನ್ ಅಳೆದರೆ ಹಲವು ಇಸಿಯುಗಳಲ್ಲಿ 0.45 ವೋಲ್ಟಿನ ಹತ್ತಿರ ಬರುತ್ತದೆ. ಅಷ್ಟು ಬಂದರೆ ಸಿಗ್ನಲ್ ವೈರ್ ತುಂಡಾಗಿಲ್ಲ, ಬಾಡಿಗೂ ತಾಗಿಲ್ಲ.

ಸೆನ್ಸರಿನ ಮೇಲೆ ಸುಳ್ಳು ಆಪಾದನೆ ಬರುವುದು ಹೇಗೆ

ಪಿ0135 ಬಂದ ಕಾರಿನಲ್ಲಿ ದಾರಿ ನೇರ. ಪಿ0131 ಅಂದರೆ ಸಿಗ್ನಲ್ ಸದಾ ಕೆಳಗೆ, ಪಿ0133 ಅಂದರೆ ಪ್ರತಿಕ್ರಿಯೆ ನಿಧಾನ, ಪಿ0171 ಅಂದರೆ ಮಿಶ್ರಣ ಲೀನ್ (ಗಾಳಿ ಹೆಚ್ಚು). ಇವು ಬಂದರೆ ಅಷ್ಟು ನೇರವಿಲ್ಲ. ಸೆನ್ಸರಿಗೆ ಕಾಣುವುದು ಪೆಟ್ರೋಲ್ ಅಲ್ಲ, ಬರೀ ಆಮ್ಲಜನಕ. ಸೆನ್ಸರಿಗಿಂತ ಮೊದಲು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿದ್ದರೆ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಸೆನ್ಸರ್ ಲೀನ್ ಅನ್ನುತ್ತದೆ, ಇಸಿಯು ನಂಬಿ ಪೆಟ್ರೋಲ್ ಏರಿಸುತ್ತದೆ. ಒಂದು ಸಿಲಿಂಡರ್ ಮಿಸ್ ಹೊಡೆದರೂ ಇದೇ ಕಥೆ, ಉರಿಯದೆ ಉಳಿದ ಆಮ್ಲಜನಕ ಹಾಗೇ ಬರುತ್ತದಲ್ಲ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮ್ಯಾನಿಫೋಲ್ಡ್ ಬಳಿ ಟಿಕ್ ಟಿಕ್ ಸದ್ದು ಬಂದು, ಕಾದ ಮೇಲೆ ನಿಂತರೆ ಗ್ಯಾಸ್ಕೆಟ್ ನೋಡಿ. ಲೀಕಾದ ಜಾಗದಲ್ಲಿ ಮಸಿಯ ಗೆರೆ ಇರುತ್ತದೆ.

ನಮ್ಮ ಕಬ್ಬಿನ ಸೀಮೆಯಿಂದಲೂ ಇದಕ್ಕೊಂದು ಕಾರಣ ಸೇರಿದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಎಥನಾಲ್ ಮಾಡುತ್ತವೆ, ಅದು ಪೆಟ್ರೋಲಿಗೆ ಬೆರೆಯುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 (20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್) ಈಗ ಬಂಕುಗಳಲ್ಲಿ ಸಾಮಾನ್ಯ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಹಳೆಯ ಲೆಕ್ಕದ ಇಸಿಯು ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಸಬೇಕಾಗುತ್ತದೆ. ಹೀಗಾಗಿ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಇಂಧನದ ಲೆಕ್ಕಕ್ಕೆ ಮಾಡಿಕೊಂಡ ತಿದ್ದುಪಡಿ) ಪ್ಲಸ್ 4ರಿಂದ 8 ಶೇಕಡಾ ಕಂಡರೆ ಅದು ಸೆನ್ಸರಿನ ರೋಗವಲ್ಲ, ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತು. ಪ್ಲಸ್ 10 ದಾಟಿ ಮೇಲೇರುತ್ತಿದ್ದರೆ ಆಗ ಲೀಕ್ ಹುಡುಕಬೇಕು.

ಸೆನ್ಸರ್ ಚುರುಕಾಗಿದೆಯೇ ಎಂದು ನೋಡಲು ಇಂಜಿನ್ ಪೂರ್ತಿ ಕಾಯಿಸಿ, 2500 ಆರ್‌ಪಿಎಂನಲ್ಲಿ ಹಿಡಿದು ಸೆನ್ಸರ್ 1ರ ವೋಲ್ಟೇಜ್ ಗ್ರಾಫ್ ನೋಡಿ. 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಓಡುತ್ತಲೇ ಇರಬೇಕು. ಆಕ್ಸಿಲೇಟರ್ ಒಮ್ಮೆ ಜೋರಾಗಿ ಒತ್ತಿದರೆ 0.8ರ ಮೇಲೆ ಹಾರಬೇಕು, ಬಿಟ್ಟ ಕೂಡಲೇ ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ಅಗ್ಗದ ಇಎಲ್‌ಎಂ327 ನಕಲು ಸ್ಕ್ಯಾನರ್‌ಗಳು ನಿಧಾನವಾಗಿ ಓದುತ್ತವೆ. ಪರದೆಯ ಮೇಲೆ ಐದಾರು ಅಂಕಿ ಇಟ್ಟುಕೊಂಡರೆ ಒಳ್ಳೆಯ ಸೆನ್ಸರೂ ಸೋಮಾರಿಯಂತೆ ಕಾಣುತ್ತದೆ, ಅದೊಂದೇ ಅಂಕಿ ಇಟ್ಟುಕೊಳ್ಳಿ. ಕನ್ವರ್ಟರ್ ನಂತರದ ಸೆನ್ಸರ್ 2 ಮಾತ್ರ ಹೀಗೆ ಕುಣಿಯಬಾರದು, 0.6–0.7ರ ಸುತ್ತ ಹೆಚ್ಚುಕಮ್ಮಿ ಸ್ಥಿರವಾಗಿರಬೇಕು. ಹಲವು ಬಿಎಸ್-6 ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಸೆನ್ಸರ್. ಅದಕ್ಕೆ ಈ ವೋಲ್ಟೇಜಿನ ಲೆಕ್ಕ ಯಾವುದೂ ಅನ್ವಯಿಸದು, ಅದರ ಜಾಗಕ್ಕೆ ಸಾದಾ ಸೆನ್ಸರ್ ಹಾಕಲೂ ಆಗದು.

ಖರೀದಿ

ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಹಳೆಯ ಸೆನ್ಸರಿನ ಮೈಮೇಲಿನ ನಂಬರಿನ ಜೊತೆ ಹೋಲಿಸಿ. ಕನೆಕ್ಟರ್ ಸಮೇತ ಬರುವುದನ್ನೇ ಕೊಳ್ಳಿ. ವೈರ್ ಕತ್ತರಿಸಿ ಸೇರಿಸುವ ಯೂನಿವರ್ಸಲ್ ಸೆನ್ಸರ್ ಅಗ್ಗ, ನಿಜ. ಆದರೆ ಅನೇಕ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕನೆಕ್ಟರಿಗೆ ಗ್ರೀಸ್ ತುಂಬುವುದೂ ಅದೇ ಕಾರಣಕ್ಕೆ ಬೇಡ. ಅಂಗಡಿಯಲ್ಲೇ ಹೀಟರಿನ ಓಮ್ ಅಳೆದುಕೊಂಡು ಬನ್ನಿ. ಈ ಕೆಲಸಕ್ಕೆ ತಂದದ್ದು 9 ಓಮ್ ಹತ್ತಿರ ತೋರಿಸಿತು. ಕೈಜಾರಿ ನೆಲಕ್ಕೆ ಬಿದ್ದ ಸೆನ್ಸರನ್ನು ತೆಗೆದುಕೊಳ್ಳಬೇಡಿ, ಬಿರುಕು ಹೊರಗೆ ಕಾಣುವುದಿಲ್ಲ.

ಉಳಿದ ಸಾಮಾನು: ಒಂದು ಮಗ್ಗುಲು ಸೀಳಿರುವ 22 ಎಂಎಂ ಆಕ್ಸಿಜನ್ ಸೆನ್ಸರ್ ಸಾಕೆಟ್, 22 ಎಂಎಂ ರಿಂಗ್ ಪಾನಾ, ಉದ್ದ ಹಿಡಿಕೆ, ತುಕ್ಕು ಬಿಡಿಸುವ ಎಣ್ಣೆ, ಥ್ರೆಡ್ ಹಿಡಿದುಕೊಳ್ಳದಂತೆ ಹಚ್ಚುವ ತಾಮ್ರ ಅಥವಾ ನಿಕ್ಕಲ್ ಇರುವ ಆ್ಯಂಟಿ-ಸೀಜ್, ಕೆಟ್ಟ ಥ್ರೆಡ್ ಸರಿಮಾಡುವ ಎಂ18×1.5 ಥ್ರೆಡ್ ಚೇಸರ್, ಟಾರ್ಕ್ ರೆಂಚ್, ಕನ್ನಡಕ, ದಪ್ಪ ಕೈಗವಸು. ಸೆನ್ಸರ್ 2 ಆದರೆ ಕಾರಿನ ಕೆಳಗೆ ನುಗ್ಗಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು. ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲಿಟ್ಟೇ ಹೋಗಬೇಕು.

ಬಿಚ್ಚಿದ್ದು

ಹೊಸದನ್ನು ಕೂರಿಸಲು ಹದಿನೈದು ನಿಮಿಷ ಸಾಕು. ಕಷ್ಟವೆಲ್ಲ ಹಳೆಯದನ್ನು ಬಿಚ್ಚುವುದರಲ್ಲಿದೆ. ಒಂಬತ್ತು ವರ್ಷ ಕೆಂಪಗೆ ಕಾದು ತಣಿದ ಉಕ್ಕಿನೊಳಗೆ ಉಕ್ಕು ಹಿಡಿದು ಕೂತಿರುತ್ತದೆ. ಖಾನಾಪುರ, ಬೆಳಗಾವಿ ಕಡೆಯ ಮಳೆಗೆ ಸಿಕ್ಕ ಕಾರುಗಳಲ್ಲಿ ತುಕ್ಕಿನ ಕಾಟ ಹೆಚ್ಚು. ವಿಜಯಪುರ, ಬಾಗಲಕೋಟೆ ಕಡೆ ತುಕ್ಕು ಕಡಿಮೆ, ಆದರೆ ಎರೆಮಣ್ಣು ಒಣಗಿ ಕನೆಕ್ಟರಿನ ಲಾಕಿನೊಳಗೆ ಸಿಮೆಂಟಿನಂತೆ ಕೂತಿರುತ್ತದೆ. ಅದನ್ನು ಬ್ರಶ್ಶಿನಿಂದ ಕೆರೆದು, ಗಾಳಿ ಊದಿ ತೆಗೆಯದೆ ಲಾಕ್ ಒತ್ತಿದರೆ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ.

ಹಿಂದಿನ ದಿನ ಸಂಜೆ, ಮ್ಯಾನಿಫೋಲ್ಡ್ ಪೂರ್ತಿ ತಣ್ಣಗಾದ ಮೇಲೆ, ಸೆನ್ಸರಿನ ಬುಡಕ್ಕೂ ಹೀಟ್ ಶೀಲ್ಡಿನ ಬೋಲ್ಟುಗಳಿಗೂ ಎಣ್ಣೆ ಬಿಟ್ಟದ್ದಾಯಿತು. ಶೀಲ್ಡಿನ 10 ಎಂಎಂ ತಲೆಯ ಸಣ್ಣ ಬೋಲ್ಟುಗಳನ್ನು ಲೆಕ್ಕಕ್ಕೆ ಇಡದವರು ಅಲ್ಲೇ ಸೋಲುತ್ತಾರೆ, ಅವು ಸೆನ್ಸರಿಗಿಂತ ಮೊದಲು ಮುರಿಯುತ್ತವೆ. ಕಾದ ಮ್ಯಾನಿಫೋಲ್ಡ್ ಮೇಲೆ ಮಾತ್ರ ಈ ಎಣ್ಣೆ ಹೊಡೆಯಬಾರದು, ಹೊತ್ತಿಕೊಳ್ಳುತ್ತದೆ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಕೆಲಸ ಶುರು. ಇಂಜಿನ್ ಎರಡು ಮೂರು ನಿಮಿಷ ಚಾಲೂ ಇಟ್ಟು ಆರಿಸಲಾಯಿತು. ಪೈಪಿಗೆ ಬೆಸೆದ ದಪ್ಪ ನಟ್ಟಿನಂಥ ಭಾಗ, ಅಂದರೆ ಬಂಗ್, ಬೆಚ್ಚಗಾಗಿ ಕೂದಲೆಳೆಯಷ್ಟು ಹಿಗ್ಗಿದರೂ ಹಿಡಿತ ಸಡಿಲುತ್ತದೆ. ಬೆಚ್ಚಗೆ ಸಾಕು. ಕೈಗವಸು ಸುಡುವಷ್ಟು ಕಾಯಿಸಿದರೆ ಕೆಲಸ ಕೈಗೆ ಹತ್ತುವುದಿಲ್ಲ. ಕೀ ತೆಗೆದು, ಕನೆಕ್ಟರ್ ಬಿಚ್ಚಿ, ವೈರ್ ಯಾವ ಕ್ಲಿಪ್ಪಿನಿಂದ ಯಾವ ದಾರಿಯಲ್ಲಿ ಹೋಗಿದೆ ಎಂದು ಫೋಟೋ ತೆಗೆದಾಗ ಒಂದು ಸಂಗತಿ ಕಂಡಿತು: ವೈರ್ ಹಿಡಿಯುವ ಕ್ಲಿಪ್ ಮುರಿದಿದೆ, ವೈರ್ ಜೋತು ಶೀಲ್ಡಿನ ಅಂಚಿಗೆ ಉಜ್ಜುತ್ತಿದೆ. ಸಿಪ್ಪೆ ಇನ್ನೂ ಹರಿದಿರಲಿಲ್ಲ. ಕ್ಲಿಪ್ ಹಾಕದೆ ಹೊಸ ಸೆನ್ಸರ್ ಕೂರಿಸಿದ್ದರೆ ಅದರ ವೈರಿಗೂ ಅದೇ ಗತಿ.

ಸಾಕೆಟ್ ಕೂರಿಸಿ ಮೊದಲು ಒಂದಿಷ್ಟು ಬಿಗಿ ಮಾಡುವ ಕಡೆಗೇ ಒತ್ತಬೇಕು. ಟಕ್ ಎಂದು ಸದ್ದಾದರೆ ತುಕ್ಕಿನ ಹಿಡಿತ ಬಿಟ್ಟಿತು ಎಂದರ್ಥ. ಆಮೇಲೆ ಬಿಚ್ಚುವ ಕಡೆಗೆ. ಇಲ್ಲಿ ಮುಕ್ಕಾಲು ಸುತ್ತು ಬಂದು ಮತ್ತೆ ಬಿಗಿಯಾಯಿತು. ಬರುತ್ತಾ ಬರುತ್ತಾ ಬಿಗಿಯಾಗುತ್ತಿದ್ದರೆ ಬಲ ಹಾಕಬಾರದು. ತುಕ್ಕಿನ ಪುಡಿಯೋ ಹರಿದ ಥ್ರೆಡ್ಡಿನ ಚೂರೋ ಮುಂದೆ ನೂಕಿಕೊಂಡು ಬರುತ್ತಿರುತ್ತದೆ, ಬಲವಂತ ಮಾಡಿದರೆ ಬಂಗಿನ ಆಟೆಯನ್ನೇ, ಅಂದರೆ ಥ್ರೆಡ್ಡನ್ನೇ, ಕಿತ್ತುಕೊಂಡು ಬರುತ್ತದೆ. ಅರ್ಧ ಸುತ್ತು ಹಿಂದೆ, ಎರಡು ಹನಿ ಎಣ್ಣೆ, ಐದು ನಿಮಿಷ ಬಿಡುವು, ಮತ್ತೆ ಮುಂದೆ. ಹೀಗೆ ಏಳೆಂಟು ಸಲ. ಒಟ್ಟು ನಲವತ್ತು ನಿಮಿಷ ಹಿಡಿಯಿತು, ಆಟೆ ಉಳಿಯಿತು.

ಸೀಳಿದ ಸಾಕೆಟ್ ಜಾಸ್ತಿ ಬಲಕ್ಕೆ ಬಾಯಿ ಬಿಟ್ಟು ಹೆಕ್ಸಿನ ಮೂಲೆ ಸವೆಸುತ್ತದೆ. ಅಗಲವಾಗುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಹಳೆಯ ಸೆನ್ಸರಿನ ವೈರ್ ಕತ್ತರಿಸಿಬಿಡಿ. ಹೇಗೂ ಸತ್ತ ಸೆನ್ಸರ್. ಆಗ ಆರು ಮೂಲೆಯ ಇಡೀ ರಿಂಗ್ ಪಾನಾ ಕೂರುತ್ತದೆ, ಅದಕ್ಕೆ ಎರಡಡಿ ಪೈಪ್ ಸಿಕ್ಕಿಸಬಹುದು. ಅದಕ್ಕೂ ಜಗ್ಗದಿದ್ದರೆ ಬಂಗ್ ಕೆಂಪಾಗುವಂತೆ ಗ್ಯಾಸ್ ಜ್ವಾಲೆ ಹಿಡಿಯಬೇಕಾಗುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ಪೆಟ್ರೋಲ್ ಪೈಪ್ ಹತ್ತಿರದಲ್ಲೇ ಇರುತ್ತದೆ. ಗ್ಯಾರೇಜಿಗೆ ಒಯ್ಯಿರಿ.

ಆಟೆ ಹೋದರೂ ಮ್ಯಾನಿಫೋಲ್ಡ್ ಬದಲಿಸಬೇಕಿಲ್ಲ. ಸ್ವಲ್ಪ ಕೆಟ್ಟಿದ್ದರೆ ಎಂ18×1.5 ಚೇಸರಿನ ಗೀರುಗಳಿಗೆ ಗ್ರೀಸ್ ತುಂಬಿ ಕೈಯಿಂದಲೇ ತಿರುಗಿಸಿ, ಚೂರುಗಳು ಗ್ರೀಸಿಗೆ ಅಂಟಿ ಹೊರಬರುತ್ತವೆ. ಪೂರ್ತಿ ಹೋಗಿದ್ದರೆ ಹೊಸ ಬಂಗ್ ಬೆಸೆಯಿಸಬೇಕು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇಥ್ ಅಂಗಡಿಗಳಿಗೆ ಬರವಿಲ್ಲ, ಉಕ್ಕಿನ ದುಂಡು ಕೊಟ್ಟರೆ ಬಂಗ್ ಕಡೆದುಕೊಡುತ್ತಾರೆ. ಬೆಸೆಯುವಾಗ ಬಂಗಿಗೆ ಹಳೆಯ ಸತ್ತ ಸೆನ್ಸರನ್ನೇ ತಿರುಗಿಸಿಟ್ಟರೆ ಶಾಖಕ್ಕೆ ಆಟೆ ಸೊಟ್ಟಗಾಗುವುದಿಲ್ಲ. ಆದ್ದರಿಂದ ಹಳೆಯದನ್ನು ಎಸೆಯಬೇಡಿ. ವೆಲ್ಡಿಂಗ್ ಮೊದಲು ಬ್ಯಾಟರಿ ಬಿಚ್ಚುವುದು ಮರೆಯಬಾರದು.

ಹಳೆಯ ತುದಿ ಹೇಳುವುದು

ಹೊರಬಂದ ಸೆನ್ಸರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು ಬಹಳ ಮುಖ್ಯ. ಸೆನ್ಸರ್ ತಾನಾಗಿ ಸತ್ತಿತೋ, ಇಂಜಿನ್ ಅದನ್ನು ಕೊಂದಿತೋ ಅಲ್ಲೇ ಬರೆದಿರುತ್ತದೆ. ತಿಳಿ ಬೂದು ಅಥವಾ ಕಂದು ಬಣ್ಣ ಸಹಜ. ಒಣ ಕಪ್ಪು ಮಸಿ ಇದ್ದರೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು). ಇಂಜೆಕ್ಟರ್ ಸೋರುತ್ತಿದೆಯೇ ನೋಡಬೇಕು. ಎಣ್ಣೆಯ ಕಪ್ಪು-ಕಂದು ಜಿಡ್ಡಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಪುಡಿ ಕಂಡರೆ ಎರಡು ಅನುಮಾನ: ಹೆಡ್ ಗ್ಯಾಸ್ಕೆಟ್ಟಿನಿಂದ ಕೂಲಂಟ್ ಒಳಗೆ ಹೋಗುತ್ತಿದೆ, ಇಲ್ಲವೇ ಯಾರೋ ಸಿಲಿಕಾನ್ ಸೀಲಂಟ್ ಧಾರಾಳವಾಗಿ ಬಳಸಿದ್ದಾರೆ. ಕೆಂಪು-ಕಿತ್ತಳೆ ಪದರ ಪೆಟ್ರೋಲಿಗೆ ಸುರಿದ ಲೋಹದ ಆ್ಯಡಿಟಿವ್‌ಗಳ ಗುರುತು. ಇವುಗಳಲ್ಲಿ ಯಾವುದು ಕಂಡರೂ ಮೂಲ ಸರಿಮಾಡದೆ ಹೊಸ ಸೆನ್ಸರ್ ಹಾಕುವುದು ಹಣ ಸುಟ್ಟಂತೆ. ಈ ಕಾರಿನದು ತಿಳಿ ಬೂದು. ಇಂಜಿನ್ ಆರೋಗ್ಯವಾಗಿದೆ, ಹೀಟರಿನ ಆಯುಷ್ಯ ಮುಗಿದಿತ್ತು ಅಷ್ಟೇ.

ಕೂರಿಸಿದ್ದು

ಹೊಸ ಸೆನ್ಸರಿನ ಆಟೆಗೆ ಕಂಪನಿಯವರೇ ಆ್ಯಂಟಿ-ಸೀಜ್ ಹಚ್ಚಿದ್ದರೆ ಮತ್ತೆ ಬಳಿಯಬೇಡಿ. ಇಲ್ಲದಿದ್ದರೆ ಆಟೆಗೆ ಮಾತ್ರ ತೆಳುವಾಗಿ, ತುದಿಯ ತೂತುಗಳಿಗೆ ತಾಗದಂತೆ. ಎಣ್ಣೆ ಕೈಯಿಂದ ತುದಿ ಮುಟ್ಟಬಾರದು, ಟೋಪಿಯನ್ನು ಕಡೆಯ ಕ್ಷಣಕ್ಕೆ ತೆಗೆಯಿರಿ. ಪೂರ್ತಿ ಕೈಯಿಂದಲೇ ಹೋಗಬೇಕು. ಒಂದೆರಡು ಸುತ್ತಿಗೇ ಬಿಗಿಯಾದರೆ ಆಟೆ ಓರೆಯಾಗಿ ಕೂತಿದೆ, ತೆಗೆದು ಮತ್ತೆ ಹಿಡಿಯಬೇಕು. ವಾಷರ್ ತಾಗಿದ ಮೇಲೆ ಟಾರ್ಕ್ 40–45 ನ್ಯೂಟನ್-ಮೀಟರ್, ಕಾರಿನ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದು ಅಳತೆ: 25 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 18 ಕಿಲೋ ತೂಕದಷ್ಟು ಒತ್ತಿದರೆ 45 ನ್ಯೂಟನ್-ಮೀಟರ್ ಹತ್ತಿರ ಆಗುತ್ತದೆ. ಸುತ್ತಿನ ಲೆಕ್ಕದಲ್ಲಿ ವಾಷರ್ ಕೂತ ಮೇಲೆ ಅರ್ಧದಿಂದ ಮುಕ್ಕಾಲು. ಬಿಚ್ಚಲು ಪಟ್ಟ ಕಷ್ಟ ನೆನೆದು ಸಡಿಲ ಬಿಡಬೇಡಿ, ಆ ಸಂದಿಯಿಂದ ಗಾಳಿ ನುಗ್ಗಿದರೆ ಹೊಸ ಸೆನ್ಸರೂ ಲೀನ್ ಎಂದೇ ಹೇಳುತ್ತದೆ.

ವೈರ್ ಹಳೆಯ ದಾರಿಯಲ್ಲೇ ಹೋಯಿತು. ಮುರಿದ ಕ್ಲಿಪ್ಪಿನ ಜಾಗಕ್ಕೆ ಲೋಹದ ಪಿ-ಕ್ಲಾಂಪ್ ಬಂತು. ಪ್ಲಾಸ್ಟಿಕ್ ಟ್ಯಾಗ್ ಆ ಶಾಖಕ್ಕೆ ಉಳಿಯದು. ಇಂಜಿನ್ ಅಲುಗಾಡಲು ಎರಡು ಬೆರಳಷ್ಟು ಸಡಿಲು ಬಿಟ್ಟಿದೆ.

ಆಮೇಲಿನ ಪರೀಕ್ಷೆ

ಸ್ಕ್ಯಾನರಿನಿಂದ ಕೋಡ್ ಅಳಿಸಿದರೆ ಇಸಿಯು ಕಲಿತಿದ್ದ ಟ್ರಿಮ್ಮುಗಳೂ ರೆಡಿನೆಸ್ ಮಾನಿಟರುಗಳೂ (ಇಸಿಯು ತಾನೇ ನಡೆಸುವ ಪರೀಕ್ಷೆಗಳ ಫಲಿತಾಂಶ) ಅಳಿಸಿಹೋಗುತ್ತವೆ. ಆದ್ದರಿಂದ ದೀಪ ಆರಿದ್ದನ್ನೇ ನಂಬಿ ಕೂರಬಾರದು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿ, ಮೂರು ನಿಮಿಷ ಐಡಲ್, ಹತ್ತು ನಿಮಿಷ ಊರೊಳಗೆ, ಬಳಿಕ ಸೊಲ್ಲಾಪುರ ರಸ್ತೆಯಲ್ಲಿ 70ರ ಆಸುಪಾಸಿನ ಸ್ಥಿರ ವೇಗದಲ್ಲಿ ಹದಿನೈದು ನಿಮಿಷ, ನಡುವೆ ಮೂರು ಸಲ ಗೇರಿನಲ್ಲೇ ಆಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿಸಿದ್ದು. ಸ್ಟಾರ್ಟ್ ಆಗಿ ಒಂದು ನಿಮಿಷದೊಳಗೆ ಸೆನ್ಸರ್ 1 ಕುಣಿಯತೊಡಗಿ ಇಸಿಯು ಸೆನ್ಸರಿನ ಮಾತು ಕೇಳುವ ಕ್ಲೋಸ್ಡ್ ಲೂಪ್ ಬಂತು. ಹಿಂದೆ ಐಡಲ್‌ನಲ್ಲಿ ಬಿಟ್ಟು ಬಿಟ್ಟು ಓಪನ್ ಲೂಪಿಗೆ ಜಾರುತ್ತಿತ್ತು. ಎರಡನೇ ದಿನಕ್ಕೆ ಹೀಟರ್ ಮತ್ತು ಸೆನ್ಸರ್ ಮಾನಿಟರ್ ಎರಡೂ ರೆಡಿ ಎಂದವು. ಒಂದು ವಾರದ ನಂತರ ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 5ರ ಹತ್ತಿರ ನಿಂತಿತು, ಇ20ಕ್ಕೆ ತಕ್ಕ ಅಂಕಿ.

ಸ್ಕ್ಯಾನರ್ ಓದುವುದೆಲ್ಲ ಇದೇ ಸೆನ್ಸರಿನ ಮಾತು, ಹಾಗಾಗಿ ಹೊರಗಿನ ಸಾಕ್ಷಿಯೊಂದು ಬೇಕು. ಅದಕ್ಕೆ ಹೊಗೆ ತಪಾಸಣೆಯ ಪಿಯುಸಿ ಯಂತ್ರವಿದೆ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. 2500 ಆರ್‌ಪಿಎಂ ಹತ್ತಿರದ ಹೈ ಐಡಲ್‌ನಲ್ಲಿ ಲ್ಯಾಂಬ್ಡಾ (ಗಾಳಿ-ಇಂಧನ ಸಮತೋಲನದ ಅಂಕಿ, 1 ಅಂದರೆ ಸರಿಸಮ) 0.97ರಿಂದ 1.03ರ ಒಳಗಿರಬೇಕು. ಚೀಟಿಯಲ್ಲಿ ಲ್ಯಾಂಬ್ಡಾ ಅಚ್ಚಾಗಿದೆಯೇ ನೋಡಿ, ಬರೀ ಐಡಲ್ ಅಳೆದು ಕೊಟ್ಟರೆ ಹೈ ಐಡಲ್ ಕೇಳಿ ಮಾಡಿಸಿಕೊಳ್ಳಿ. ಈ ಕಾರಿನ ಲ್ಯಾಂಬ್ಡಾ 1.00 ಬಂತು. ಹಳೆಯ ಸೆನ್ಸರ್ ಎಂ18 ಎಂದು ಬರೆದ ಡಬ್ಬಿ ಸೇರಿದೆ, ಮುಂದೆ ಯಾರದಾದರೂ ಬಂಗ್ ಬೆಸೆಯುವಾಗ ಬೇಕಾಗುತ್ತದೆ.